ಕಾರಿನ ಗಾಳಿ ಪಂಪು: ಡಿಕ್ಕಿ ತುಂಬಿದ ದಿನಗಳಿಗಾಗಿ ಕೊಂಡದ್ದು

ಕಾರಿನ ಲೈಟರ್ ಸಾಕೆಟ್‌ಗೆ ಸಿಕ್ಕಿಸಿ ಟೈರಿಗೆ ಗಾಳಿ ತುಂಬುವ ಈ ಪುಟ್ಟ ಪಂಪು ಪಂಕ್ಚರ್ ಆದಾಗ ದಾರಿಯಲ್ಲಿ ಕೈಹಿಡಿಯುತ್ತದೆ ಎಂದು ಹೇಳಿ ಮಾರುತ್ತಾರೆ. ನಾನು ಎರಡೂವರೆ ಸಾವಿರ ರೂಪಾಯಿ ಕೊಟ್ಟದ್ದು ಬೇರೆ ಕಾರಣಕ್ಕೆ. ನಮ್ಮ ಮನೆ ತಿಕೋಟಾ ಬಳಿಯ ದ್ರಾಕ್ಷಿ ತೋಟದಲ್ಲಿದೆ. ನಮ್ಮ ಏಳು ಆಸನದ ಕಾರು ವಾರವಿಡೀ ಒಬ್ಬಿಬ್ಬರನ್ನು ಕೂರಿಸಿಕೊಂಡು ವಿಜಯಪುರಕ್ಕೆ ಹೋಗಿಬರುತ್ತದೆ. ಹಬ್ಬ, ಜಾತ್ರೆ ಬಂತೆಂದರೆ ಮನೆಮಂದಿಯೆಲ್ಲ ಹತ್ತಿ, ಹಿಂದೆ ಒಣದ್ರಾಕ್ಷಿ ಪೆಟ್ಟಿಗೆ, ಕಡಕ್ ರೊಟ್ಟಿಯ ಗಂಟು, ನೀರಿನ ಕ್ಯಾನು ಒಟ್ಟಿಕೊಂಡು ಬೆಳಗಾವಿಯ ಬೀಗರ ಮನೆಗೋ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೋ ಹೊರಡುತ್ತದೆ. ಖಾಲಿ ಓಡುವ ಕಾರಿಗೆ ಹಿಡಿಸಿದ ಗಾಳಿ ಆ ದಿನ ಸಾಲುವುದಿಲ್ಲ.

ಎಷ್ಟು ಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿದೆ. ಗಾಳಿಯ ಒತ್ತಡವನ್ನು ಪಿಎಸ್ಐ ಎಂಬ ಅಳತೆಯಲ್ಲಿ ಹೇಳುತ್ತಾರೆ. ನನ್ನ ಕಾರಿಗೆ ಮಾಮೂಲಿ ದಿನ ನಾಲ್ಕಕ್ಕೂ 33 ಪಿಎಸ್ಐ, ಪೂರ್ತಿ ಹೇರಿದಾಗ ಹಿಂದಿನ ಎರಡಕ್ಕೆ 38. ನಿಮ್ಮ ಕಾರಿನದು ಬೇರೆ ಇರುತ್ತದೆ, ನೋಡಿಕೊಳ್ಳಿ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ, ಅಷ್ಟು ತುಂಬಿಸಿ ಎಂದಲ್ಲ. ಹಿಂದಿನವಕ್ಕೇ ಏಕೆ ಹೆಚ್ಚು ಎಂದರೆ, ಡಿಕ್ಕಿ ಇರುವುದು ಹಿಂದಿನ ಗಾಲಿಗಳಿಗಿಂತ ಹಿಂದೆ. ಅಲ್ಲಿಟ್ಟ ಪೆಟ್ಟಿಗೆ ತನ್ನ ತೂಕಕ್ಕಿಂತಲೂ ಹೆಚ್ಚಾಗಿ ಹಿಂದಿನ ಗಾಲಿಗಳನ್ನು ಒತ್ತುತ್ತದೆ, ಮುಂದಿನವನ್ನು ಹಗುರ ಮಾಡುತ್ತದೆ. ಕಾರಿಗೆ ಟ್ರೇಲರ್ ಕಟ್ಟುವವರಿಗೂ ಇದೇ ಮಾತು: ಕೊಂಡಿಯ ಮೇಲೆ ಬೀಳುವ ಭಾರ ಹಿಂದಿನ ಟೈರುಗಳದೇ ಪಾಲು.

ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಟೈರು ಸಿಡಿಯುತ್ತದೆ ಎಂದು ನಮ್ಮ ಕಡೆ ಹಿರಿಯರು, ಪಂಕ್ಚರ್ ಅಂಗಡಿಯವರು ಎಲ್ಲರೂ ಹೇಳುತ್ತಾರೆ. ಇದು ಅಪಾಯದ ಮಾತು. ಗಾಳಿ ಕಡಿಮೆಯಿದ್ದಷ್ಟೂ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಬಳುಕಿ ಬಳುಕಿ ಕಾಯುತ್ತದೆ. ಮೇಲೆ ಭಾರ, ಕೆಳಗೆ ಮೇ ತಿಂಗಳ ರಸ್ತೆ, ಜೊತೆಗೆ ಹೆದ್ದಾರಿಯ ವೇಗ ಸೇರಿದರೆ ಆ ಕಾವೇ ಟೈರನ್ನು ಬಿಚ್ಚಿಹಾಕುತ್ತದೆ.

ಚೀಟಿಯ ಅಂಕಿ ತಣ್ಣಗಿರುವ ಟೈರಿನದು ಎಂಬುದು ಮುಖ್ಯ ಸಂಗತಿ. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು. ಬಂಕ್ ಮುಟ್ಟುವಷ್ಟರಲ್ಲಿ ನಮ್ಮ ಟೈರು ಕಾದಿರುತ್ತದೆ, ಅಂಕಿ ಏರಿರುತ್ತದೆ. ಅಲ್ಲಿಯ ಹುಡುಗ ಕೇಳುವ ಮೊದಲೇ ನಾಲ್ಕಕ್ಕೂ 35 ಇಟ್ಟು ಕೈ ಒರೆಸಿಕೊಳ್ಳುತ್ತಾನೆ.

ಹೀಗಾಗಿ ಹೊರಡುವ ದಿನ ಸೂರ್ಯ ಹುಟ್ಟುವ ಮೊದಲು ಅಂಗಳದಲ್ಲಿ ನನ್ನ ಕೆಲಸ ಶುರು. ಬಿಸಿಲು ಬಿದ್ದ ಮೇಲೆ ಪೂರ್ವದ ಕಡೆಯ ಟೈರುಗಳು ಬೇರೆಯೇ ಲೆಕ್ಕ ಹೇಳುತ್ತವೆ. ಮುಚ್ಚಳ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಕೊಳವೆಯನ್ನು ವಾಲ್ವ್‌ಗೆ ತಿರುಗಿಸಿ, ಅಂಕಿ ಹೊಂದಿಸಿ ಗುಂಡಿ ಒತ್ತುತ್ತೇನೆ. ಮೊಮ್ಮಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು "ಅಜ್ಜಾ, ಮೂವತ್ತಾರು" ಎಂದು ಓದಿ ಹೇಳುತ್ತಾನೆ. ಹೇಳಿದ ಅಂಕಿಗೆ ಪಂಪು ತಾನಾಗಿ ನಿಲ್ಲುತ್ತದೆ. ಭಾರ ಹೇರಿದಾಗ ಹಿಂಬದಿ ತೇಲಾಡುತ್ತಿದ್ದ ಕಾರು ಈಗ ಕೊಲ್ಹಾರದ ಸೇತುವೆ ದಾಟುವಾಗಲೂ ನೆಟ್ಟಗೆ ಹೋಗುತ್ತದೆ. ಈ ನೆಮ್ಮದಿಗೆ ಕೊಟ್ಟ ಹಣ ಹೆಚ್ಚೆಂದು ನನಗೆ ಅನ್ನಿಸಿಲ್ಲ.

ಆದರೆ ಆ ಕೊಳವೆ! ಅದರ ತುದಿ ತಿರುಪಿನದು. ಪಂಪು 38ಕ್ಕೆ ನಿಂತ ಮೇಲೆ ಬಿಚ್ಚಲು ಹೋದರೆ, ಎಷ್ಟೇ ಬೇಗ ತಿರುಗಿಸಿದರೂ ಕೊನೆಯ ಎರಡು ಸುತ್ತಿನಲ್ಲಿ ಗಾಳಿ ಬುಸುಗುಡುತ್ತ ಹೊರಗೆ ಬರುತ್ತದೆ. ಬೇರೆ ಗೇಜ್ ಇಟ್ಟು ನೋಡಿದರೆ 36 ಮತ್ತು 37ರ ನಡುವೆ. ಪರೀಕ್ಷಿಸಲೆಂದು ಇದನ್ನೇ ಮತ್ತೆ ಜೋಡಿಸಿದರೆ ಇನ್ನಷ್ಟು ಸೋರುತ್ತದೆ. ಅಳತೆಗೆಂದೇ ಕೊಂಡ ಯಂತ್ರ ಅಳೆಯುವಾಗಲೇ ಅಳತೆ ಕೆಡಿಸುತ್ತದೆ! ಸಾಲದ್ದಕ್ಕೆ ಎರಡನೆಯ ಟೈರಿನ ಹೊತ್ತಿಗೆ ಆ ಹಿತ್ತಾಳೆಯ ತುದಿ ಬೆರಳು ಇಡಲಾಗದಷ್ಟು ಕಾದಿರುತ್ತದೆ. ಬಟ್ಟೆ ಸುತ್ತಿ ಹಿಡಿದರೆ ಬಿಚ್ಚುವುದು ಇನ್ನೂ ನಿಧಾನ, ಗಾಳಿ ಇನ್ನೂ ನಷ್ಟ. ಮಾರಿದವರಿಗೆ ಫೋನ್ ಮಾಡಿದೆ. ಎಲ್ಲ ಪಂಪುಗಳೂ ಹೀಗೆಯೇ ಎಂದರು. ಹಾಗೇನಿಲ್ಲ. ಒತ್ತಿ ಮಡಚುವ ಕ್ಲಿಪ್ ಇರುವ ಕೊಳವೆಗಳು ಮಾರುಕಟ್ಟೆಯಲ್ಲಿವೆ, ಅವು ಒಂದೇ ಏಟಿಗೆ ಕಳಚಿಕೊಳ್ಳುತ್ತವೆ.

ಸದ್ಯ 40ಕ್ಕೆ ಹೊಂದಿಸಿ ತುಂಬಿ, ಕಡ್ಡಿ ಗೇಜ್‌ನಿಂದ ನೋಡಿ, ಹೆಚ್ಚಾದದ್ದನ್ನು ಉಗುರಿನಿಂದ ವಾಲ್ವ್‌ನ ಪಿನ್ ಒತ್ತಿ ಬಿಡುತ್ತೇನೆ. ಊರಿಗೆ ಮರಳಿದ ಮಾರನೆಯ ಬೆಳಗ್ಗೆ 33ಕ್ಕೆ ಇಳಿಸುವುದೂ ಹೀಗೆಯೇ. ಖಾಲಿ ಕಾರಿಗೆ 38 ಇದ್ದರೆ ತೋಟದ ಕಲ್ಲುದಾರಿಯಲ್ಲಿ ಹಿಂಬದಿ ಪುಟಿಯುತ್ತದೆ, ಟೈರಿನ ನಡುಭಾಗ ಬೇಗ ಸವೆಯುತ್ತದೆ. ಗಾಳಿ ಇಳಿಸುವ ಗುಂಡಿ ಈ ಪಂಪಿನಲ್ಲಿಲ್ಲ.

ಭಾರ ಹೇರುವ ಅಭ್ಯಾಸ ಇದ್ದವರು ಇಂಥದೊಂದು ಪಂಪನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಕು. ಈ ಮಾದರಿಯನ್ನು ಮಾತ್ರ ಬೇಡ ಎನ್ನುತ್ತೇನೆ. ಅಂಗಡಿಯಲ್ಲಿ ಪರದೆಯ ಬೆಳಕು, ಚೀಲದ ಅಂದ ನೋಡುವ ಮೊದಲು ಕೊಳವೆಯ ತುದಿ ನೋಡಿ. ತಿರುಪಿದ್ದರೆ ಕೆಳಗಿಡಿ, ಕ್ಲಿಪ್ ಇರುವುದಕ್ಕೆ ಇನ್ನೂ ಮುನ್ನೂರು ನಾನೂರು ಹೆಚ್ಚಾದರೂ ಕೊಡಿ.