ಆಯಿಲ್ ಹೀಟರ್ ಜೊತೆ ರಿವರ್ಸ್ ಫ್ಯಾನ್, ಚಿಕ್ಕಮಗಳೂರು ಚಳಿಗೆ ಒಳ್ಳೆ ಜೋಡಿ

ಡಿಸೆಂಬರ್ ಜನವರಿಲಿ ನಮ್ ಚಿಕ್ಕಮಗಳೂರಲ್ಲಿ ಬೆಳಿಗ್ಗೆ ನೆಲಕ್ಕೆ ಕಾಲಿಡಕ್ಕಾಗಲ್ಲ, ಅದಕ್ಕೆ ಅಮ್ಮನ ರೂಮಿಗೆ ಅಂತ ಆಯಿಲ್ ತುಂಬಿರೋ ರೇಡಿಯೇಟರ್ ಹೀಟರ್ ತಂದ್ವಿ, 2000 ವ್ಯಾಟ್‌ದು. ತುಂಬಾ ಇಷ್ಟ ಆಗಿದ್ದು ಸದ್ದೇ ಇಲ್ಲ ಅನ್ನೋದು, ಬ್ಲೋವರ್ ತರ ಗುಂಯ್ ಅನ್ನಲ್ಲ, ಥರ್ಮೋಸ್ಟಾಟ್ (ಬಿಸಿ ಸಾಕಾದ್ರೆ ತಾನೇ ಕರೆಂಟ್ ಕಟ್ ಮಾಡೋ ಸ್ವಿಚ್) ಆನ್ ಆಫ್ ಆಗುವಾಗ ಸಣ್ಣಗೆ ಟಿಕ್ ಅನ್ನುತ್ತೆ ಅಷ್ಟೆ, ಅಮ್ಮ ಆರಾಮಾಗಿ ನಿದ್ದೆ ಮಾಡ್ತಾರೆ. ಒಳಗಿನ ಆಯಿಲ್ ಖರ್ಚಾಗಲ್ಲ, ಮತ್ತೆ ತುಂಬಿಸೋ ಕೆಲ್ಸ ಇಲ್ಲ. ಬಿಸಿ ಆಗೋದು ಮಾತ್ರ ನಿಧಾನ, ಮಲಗೋಕೆ ತುಂಬಾ ಮೊದ್ಲೇ ಹಾಕ್ಬೇಕು.

ಕರೆಂಟ್ ಕಮ್ಮಿ ತಿನ್ನುತ್ತೆ ಅಂತ ಅಂಗಡಿಲಿ ಹೇಳಿದ್ರೆ ನಂಬ್ಬೇಡಿ, 2000 ವ್ಯಾಟ್ ಅಂದ್ರೆ ಯಾವ ಹೀಟರ್ ಆದ್ರೂ ಗಂಟೆಗೆ 2 ಯೂನಿಟ್ಟೇ, ಉಳಿಯೋದು ಥರ್ಮೋಸ್ಟಾಟ್ ಕಟ್ ಆದಾಗ. 16 ಆಂಪ್ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ.

ಇನ್ನು ಬಿಸಿ ಗಾಳಿ ಮೇಲೆ ಹೋಗಿ ಸೀಲಿಂಗ್ ಹತ್ರನೇ ನಿಲ್ಲುತ್ತಲ್ಲ, ರಿವರ್ಸ್ ಇರೋ ಬಿಎಲ್‌ಡಿಸಿ (ಕಮ್ಮಿ ಕರೆಂಟ್ ತಿನ್ನೋ ಮೋಟಾರ್) ಸೀಲಿಂಗ್ ಫ್ಯಾನ್ ಲೋ ಸ್ಪೀಡಲ್ಲಿ ಉಲ್ಟಾ ಬಿಟ್ರೆ ಆ ಬಿಸಿ ಗೋಡೆ ಪಕ್ಕದಿಂದ ಕೆಳಗೆ ಬರುತ್ತೆ, ಮೈಗೆ ಗಾಳಿ ಹೊಡಿಯಲ್ಲ, ಫುಲ್ ಸ್ಪೀಡಲ್ಲೇ 30 ವ್ಯಾಟ್ ಆಸುಪಾಸು. ಬರೀ ಹೆಂಚಿನ ಮನೆ ಆದ್ರೆ ಸಂದೀಲಿ ಬಿಸಿಯೆಲ್ಲ ಹೊರಗೆ ಹೋಗುತ್ತೆ, ಮೊದ್ಲು ಹೆಂಚಿನ ಕೆಳಗೆ ಸೀಲಿಂಗ್ ಮಾಡ್ಸಿ, ಆಮೇಲೆ ಹೀಟರ್ ತಗೊಳ್ಳಿ.