ಬೆಳಗಾವಿಯ ಚೈನ್ ಹೋಟೆಲ್‌ದಾಗ ಬಿಸಿನೀರಿಗೆ ಮೂರು ಬಕೆಟ್ ಚೆಲ್ಲಬೇಕು

ಡಿಸೆಂಬರ್‌ದಾಗ ಉದ್ಯಮಬಾಗಿನ ಒಂದು ಫ್ಯಾಕ್ಟರಿಗೆ ಸಿಎನ್‌ಸಿ ಮಷೀನ್ (ಕಂಪ್ಯೂಟರ್ ಹೇಳಿದಂಗ ಲೋಹ ಕೊರಿಯೋ ಮಷೀನು) ಸರ್ವಿಸ್ ಮಾಡಾಕ ಹೋಗಿದ್ದೆ, ಮೂರು ರಾತ್ರಿ ಇರಬೇಕಾತು. ಹೋಟೆಲ್ ಹೆಸರು ಬರಿಯಂಗಿಲ್ಲ, ಅಲ್ಲಿ ಕೆಲಸ ಮಾಡೋರಿಗೆ ತ್ರಾಸ ಆಗಬಾರದು. ಬಾಳ ಊರಾಗ ಬ್ರಾಂಚ್ ಇರೋ ಚೈನ್ ಅದು, ಬಿಲ್ಡಿಂಗ್ ಮಾತ್ರ ಹಳೇದಾಗೈತಿ, ನಮ್ಮ ಆಫೀಸಿನವರು ಹೆಸರು ನೋಡೇ ಬುಕ್ ಮಾಡ್ತಾರ.

ಬೆಂಗಳೂರಿಂದ ವಂದೇ ಭಾರತ್‌ಗೆ ಬಂದ್ರ ಬೆಳಗಾವಿ ಮುಟ್ಟೂದು ರಾತ್ರಿ ಹತ್ತೂವರಿ ದಾಟಿ. 2025ರ ಆಗಸ್ಟ್‌ದಾಗ ಆ ಗಾಡಿ ಚಾಲೂ ಆಗಿದ್ದು ನಮ್ಮಂಥ ತಿರುಗಾಡೋ ಮಂದಿಗೆ ಬಾಳ ಅನುಕೂಲ ಆಗೈತಿ, ಮೊದಲ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಾಗ ರಾತ್ರಿಯೆಲ್ಲ ಬಂದು ಮುಖ ತೊಳಕೊಂಡು ಸೀದಾ ಕೆಲಸಕ್ಕ ಹೋಗ್ತಿದ್ದೆ. ಆದ್ರ ಅಷ್ಟೊತ್ತಿಗೆ ಇಳಿದು ಬ್ಯಾರೆ ಹೋಟೆಲ್ ಹುಡುಕ್ತೀನಿ ಅಂದ್ರ ಆಗಂಗಿಲ್ಲ, ಅದೂ ಅಧಿವೇಶನದ ಟೈಮಿನಾಗ. 2012ರಾಗ ಹಲಗಾ ಕಡೆ ಸುವರ್ಣ ವಿಧಾನಸೌಧ ಆದ ಮ್ಯಾಲ ಚಳಿಗಾಲದ ಅಧಿವೇಶನ ನಡದಾಗ ಊರಾಗ ರೂಮ್ ಸಿಗೂದ ಕಷ್ಟ, ಅಧಿಕಾರಿಗಳು, ಪೊಲೀಸರು, ಪೇಪರಿನವರು, ಧರಣಿ ಕೂಡಾಕ ಬಂದೋರು, ಎಲ್ಲಾರೂ ಒಮ್ಮೆಲೆ ಬರ್ತಾರ. ಮೂರು ಸಾವಿರದ ಆಸುಪಾಸು ಇರೋ ರೂಮಿಗೆ ನನ್ನ ಕಡೆ 4,400 ತಗೊಂಡ್ರು, ಮ್ಯಾಲ ಶೇಕಡಾ 5 ಜಿಎಸ್‌ಟಿ 220, ದಿನಕ್ಕ 4,620. ರೇಟ್ ಏರಿಸೂದು ತಪ್ಪು ಅನ್ನಂಗಿಲ್ಲ, ಎಲ್ಲಾರೂ ಏರಸ್ತಾರ. ಏರಿಸಿದ ರೊಕ್ಕ ಬಿಲ್ಡಿಂಗಿಗೆ ಹತ್ತಿಲ್ಲಲ್ಲ, ಅದ ನನ್ನ ಸಿಟ್ಟು.

ನಾಕನೇ ಮಾಳಿಗಿ, ಮೂಲಿ ರೂಮು. ಬಾಗಲಾ ತಗದ ಕೂಡಲೇ ಹಸಿ ವಾಸನಿ. ನೆಲಕ್ಕ ಗ್ವಾಡಿಯಿಂದ ಗ್ವಾಡಿತನಕ ಕಾರ್ಪೆಟ್ ಹಾಸ್ಯಾರ, ಬೆಳಗಾವಿ ಮಳಿ ಏನು ಸಾಮಾನ್ಯ ಏನ್ರಿ, ಜೂನ್‌ದಾಗ ಹಿಡದಿದ್ದು ಸೆಪ್ಟೆಂಬರ್ ತನಕ ಬಿಡಂಗಿಲ್ಲ, ಆ ಹಸಿ ಎಲ್ಲಾ ಕಾರ್ಪೆಟ್ಟು ಕುಡದು ಡಿಸೆಂಬರ್ ಬಂದ್ರೂ ಆರಿಲ್ಲ. ಇಂಥ ಊರಾಗ ಟೈಲ್ಸ್ ಹಾಕಿ ದಿನಾ ಒರಸಿದ್ರ ಮುಗೀತು. ಬಾತ್‌ರೂಮಿನಾಗ ಟಬ್ ಐತಿ, ಬುಡಕ್ಕ ಹಳದಿ ಕಲೆ, ಶವರ್ ಅದರ ಮ್ಯಾಲ, ಅಂದ್ರ ಜಳಕಾ ಮಾಡಬೇಕಂದ್ರ ಆ ಜಾರೋ ಟಬ್ ದಾಟಿ ಒಳಗ ಇಳೀಬೇಕು. ವಯಸ್ಸಾದ ಅವ್ವ ಅಪ್ಪನ್ನ ಕರಕೊಂಡು ಹೋಗೋರು ಇದನ್ನ ನೆನಪಿಟ್ಕೋರಿ. ಬಕೆಟ್, ಮಗ್ ಕೇಳಿದ ಮ್ಯಾಲ ತಂದುಕೊಟ್ರು. ಹಾಸಿಗಿ ಹೊದಿಕಿ ಮಾತ್ರ ಅಗದಿ ಸ್ವಚ್ಛ ಇದ್ವು, ಅದನ್ನೂ ಹೇಳಬೇಕು.

ಮುಂಜಾನೆ ಆರಕ್ಕ ಬಿಸಿನೀರಿನ ನಳ ಬಿಟ್ಟೆ, ಬಕೆಟ್ ತುಂಬಿತು, ತಣ್ಣೀರು. ಎರಡನೇದೂ ಹಂಗ. ಮೂರನೇ ಬಕೆಟ್ ತುಂಬೂದ್ರಾಗ ಉಗುರುಬೆಚ್ಚಗ ಬಂತು. ಆ ಚಳಿಯಾಗ ಇಷ್ಟೊತ್ತು ನಿಂತ್ರ ಹೆಂಗ ಆಗಬ್ಯಾಡ ಹೇಳ್ರಿ. ಆ ಮಾಳಿಗಿ ನೋಡಿಕೊಳ್ಳೋ ಕಾಕಾಗ ಫೋನ್ ಮಾಡಿದ್ರ "ನಳ ಹಂಗ ಬಿಟ್ಟಿರ್ರಿ ಸಾಹೇಬ್ರ, ಕೆಳಗಿಂದ ಏರಿ ಬರಬೇಕಲ್ರಿ" ಅಂದ್ರು. ನಾ ಮಷೀನಿನ ಮನಶ್ಯಾ, ಇಂಥದ್ದು ಬಿಡಾಕ ಆಗಂಗಿಲ್ಲ, ಸಂಜಿಗೆ ಬಂದು ಕೆಳಗ ಹೋಗಿ ನೋಡಿದೆ. ಬಾಯ್ಲರ್ ಅಡಗಿಮನಿ ಹಿಂದ ಐತಿ, ಚೊಲೋನ ನಡದೈತಿ, ನೀರೂ ಕುದೀತೈತಿ. ಅಲ್ಲಿಂದ ನಾಕನೇ ಮಾಳಿಗಿ ಮೂಲಿತನಕ ಉದ್ದಕ ಪೈಪ್, ರಾತ್ರಿ ಯಾರೂ ನಳ ಬಿಡಂಗಿಲ್ಲ, ಪೈಪಿನಾಗಿನ ನೀರು ನಿಂತಲ್ಲೇ ತಣ್ಣಗಾಗತೈತಿ, ಅದೆಲ್ಲ ಹೊರಗ ಹೋಗೋತನಕ ಬಿಸಿ ಬರಂಗಿಲ್ಲ. ಪೈಪಿನ ತುದಿಯಿಂದ ವಾಪಸ್ ಬಾಯ್ಲರಿಗೆ ಒಂದು ರಿಟರ್ನ್ ಲೈನ್ ಎಳದು ಸಣ್ಣ ಪಂಪ್ ಕೂಡಿಸಿದ್ರ ನೀರು ತಿರುಗ್ತಾ ಇರತೈತಿ, ನಳ ಬಿಟ್ಟ ಸ್ವಲ್ಪ ಹೊತ್ತಿಗೇ ಬಿಸಿ. ದಿನಾ ಒಂದೊಂದು ರೂಮಿಂದ ಎರಡು ಮೂರು ಬಕೆಟ್ ನೀರು ಗಟಾರಿಗೆ ಹೋಗೂದೂ ಉಳೀತೈತಿ. ಮ್ಯಾನೇಜರ್‌ಗ ಕಾಗದದ ಮ್ಯಾಲ ಚಿತ್ರ ತಗದು ತೋರಿಸಿದೆ, ಅವರು ಗೊತ್ತೈತ್ರಿ ಸರ್, ಬರದು ಕಳಿಸೀವಿ, ಹೆಡ್ ಆಫೀಸಿಂದ ಸ್ಯಾಂಕ್ಷನ್ ಬರಬೇಕು ಅಂದ್ರು.

ಮರುದಿನ ಆರು ಬಡದ್ರಾಗ ಬಾಗಲಾ ಬಡಿದ ಸಪ್ಪಳ. ಕಾಕಾ ಅಡಗಿಮನಿಯಿಂದ ಎರಡು ಬಕೆಟ್ ಬಿಸಿನೀರು ತಗೊಂಡು ಲಿಫ್ಟಿನಾಗ ಬಂದಿದ್ರು. ನನಗೊಬ್ಬಗ ಅಲ್ಲ, ಅದೇ ಸಾಲಿನಾಗಿದ್ದ ಇನ್ನೊಬ್ಬ ವಯಸ್ಸಾದವರಿಗೂ ಕೊಟ್ರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚಿಗಿ ಅಲ್ಲೇ ದುಡದಾರಂತ. ಪೈಪಿನ ಕೆಲಸ ಆ ವಯಸ್ಸಿನ ಮನಶ್ಯಾನ ಕೈಯಾಗ ಮಾಡಸ್ತಾರಲ್ಲ, ಅದನ್ನ ನೋಡಿ ಖರೇನ ಹೊಟ್ಟಿ ಉರೀತು.

ನಾಷ್ಟಾ ಎಲ್ಲಾ ಊರಿನ ಚೈನಿನ್ಯಾಗ ಇರೋದ, ಬ್ರೆಡ್, ಕಾರ್ನ್‌ಫ್ಲೇಕ್ಸ್, ಆರಿದ ಇಡ್ಲಿ. ಬೆಳಗಾವಿಯಾಗ ಕುಂತು ಟೇಬಲ್ ಮ್ಯಾಲ ಒಂದು ಚಮಚಾ ಕುಂದಾ ಇಲ್ಲ ಅಂದ್ರ ಹೆಂಗ್ರಿ? ಅವಲಕ್ಕಿ ಮಾತ್ರ ಭಟ್ಟರು ಬಿಸಿಬಿಸಿ ಮಾಡ್ತಾರ, ಕೇಳಿ ತಿನ್ರಿ. ರಾತ್ರಿ ಊಟಕ್ಕ ಹೊರಗ ಖಾನಾವಳಿಗೆ ಹೋಗ್ರಿ, ಬಿಸಿ ರೊಟ್ಟಿ, ಝುಣಕಾ, ಶೇಂಗಾ ಹಿಂಡಿ, ಹೋಟೆಲ್‌ನಾಗಿನ ಒಂದು ಪನೀರ್ ಪಲ್ಯಾದ ರೊಕ್ಕದಾಗ ಇಬ್ಬರ ಊಟ ಆಗತೈತಿ.

ವಾಪಸ್ ಗಾಡಿ ನಸುಕಿನ 5:20ಕ್ಕ. ನಾಕೂವರಿಗೆ ಕೆಳಗ ಇಳದ್ರ ಬಿಲ್ ರೆಡಿ ಇತ್ತು, ಕಂಪನಿ ಹೆಸರಿಲ್ಲದ ಬಿಲ್ ನಮ್ಮ ಅಕೌಂಟ್ಸಿನವರು ತಗೊಳ್ಳಂಗಿಲ್ಲ, ಬ್ಯಾರೆ ಹೊಡದು ಕೊಟ್ರು, ನೀವೂ ಹಿಂದಿನ ರಾತ್ರೀನ ನೋಡಿಟ್ಕೋರಿ. ನಾಷ್ಟಾದ ರೊಕ್ಕ ರೂಮಿನ್ಯಾಗ ಸೇರಿರತೈತಿ, ನನಗ ಆ ಹೊತ್ತಿಗೆ ಸಿಗಂಗಿಲ್ಲ ಅಂತ ಬಿಟ್ಟಿದ್ದೆ, ಆದ್ರ ಕಾಕಾ ಭಟ್ಟರನ್ನ ಎಬ್ಬಿಸಿ ಅವಲಕ್ಕಿ ಕಟ್ಟಿಸಿಟ್ಟಿದ್ರು. ಧಾರವಾಡ ಬರೂದ್ರಾಗ ತಿಂದೆ, ಇನ್ನೂ ಬೆಚ್ಚಗಿತ್ತು.

ಹೋಗೋರು ಇದ್ರ ಒಂದನೇ ಮಾಳಿಗಿ, ಅಡಗಿಮನಿ ಕಡೆ ರೂಮ್ ಕೇಳ್ರಿ, ಪಾತ್ರೆ ಸಪ್ಪಳ ಕೇಳತೈತಿ ಆದ್ರ ಬಿಸಿನೀರು ಲಗೂನ ಬರತೈತಿ. ನಾ ಮುಂದಿನ ಸರ್ವಿಸಿಗೆ ಮತ್ತ ಹೋಗಬೇಕು, ಹೋದ ಕೂಡಲೇ ಬಾಯ್ಲರ್ ಹಿಂದ ಪಂಪ್ ಬಂದೈತಿಲ್ಲೋ ನೋಡ್ತೀನಿ, ಬಂದಿದ್ರ ಇಲ್ಲೇ ಬರೀತೀನಿ.