‘ಲಿಂಡ್‌ಬರ್ಗ್ ವಾಚ್’ ಎಂದು ಮಾರಲು ಬಂದವರಿದ್ದರೆ, ದುಡ್ಡು ಕೊಡುವ ಮುಂಚೆ ಓದಿ

“ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದಾಗ ಕೈಗೆ ಕಟ್ಟಿದ್ದ ವಾಚು ಇದೇ ಸಾರ್, ಇದೇ ಮಾಡೆಲ್ಲು.” ಈ ಮಾತು ಹೇಳಿ ಯಾರಾದರೂ ನಿಮಗೆ ಸೆಕೆಂಡ್ ಹ್ಯಾಂಡ್ ಲಾಂಜಿನ್ ವಾಚು ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ನಮ್ಮ ಭಾವ ಅಂಥದೊಂದು ವಾಚಿಗೆ 1,90,000 ರೂಪಾಯಿ ಕೊಟ್ಟರು. ಅದು ಅಪ್ಪಟ ನಕಲಿ. ಬೆಂಗಳೂರಿನಲ್ಲಿ ಇದೇ ಮಾತು, ಇದೇ ವರಸೆ ಇನ್ನೂ ನಡೆಯುತ್ತಿದೆ ಅನ್ನುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಭಾವ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು. ಏರೋ ಇಂಡಿಯಾ ಬಂತೆಂದರೆ ಈಗಲೂ ನಸುಕಿನಲ್ಲೇ ಎದ್ದು ಯಲಹಂಕದ ದಾರಿ ಹಿಡಿಯುತ್ತಾರೆ. ನಿವೃತ್ತಿಯ ಹಣದಲ್ಲಿ ಮಗಳ ಮದುವೆ, ಮನೆ ರಿಪೇರಿ ಎಲ್ಲ ಮುಗಿದ ಮೇಲೆ ತಮಗೆಂದು ಒಂದೇ ಒಂದು ಆಸೆ ಇಟ್ಟುಕೊಂಡಿದ್ದರು: ಲಾಂಜಿನ್ ಕಂಪನಿಯ ‘ಲಿಂಡ್‌ಬರ್ಗ್ ಅವರ್ ಆ್ಯಂಗಲ್’ ವಾಚು. ಹೊಸದರ ಬೆಲೆ ಕೇಳಿ ಸುಮ್ಮನಾಗಿದ್ದವರಿಗೆ ಇನ್‌ಸ್ಟಾಗ್ರಾಮಿನಲ್ಲಿ ಒಬ್ಬ ಮಾರಾಟಗಾರ ಸಿಕ್ಕಿದ.

ಆ ವಾಚಿನ ಕಥೆ ನಿಜಕ್ಕೂ ದೊಡ್ಡದು, ಮೋಸ ಮಾಡುವವರಿಗೆ ಬಂಡವಾಳವಾಗಿರುವುದೂ ಅದೇ. ಅಮೆರಿಕದ ವಿಮಾನ ಚಾಲಕ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಒಬ್ಬನೇ ಹಾರಿ ಪ್ಯಾರಿಸಿನ ಹತ್ತಿರ ಇಳಿದದ್ದು 1927ರ ಮೇ 21ರಂದು, ಮೂವತ್ತಮೂರೂವರೆ ಗಂಟೆ ಹಾರಿದ ಮೇಲೆ. ನಕ್ಷತ್ರ, ಸೂರ್ಯರನ್ನು ನೋಡಿ ದಾರಿ ಲೆಕ್ಕ ಹಾಕುವ ವಿದ್ಯೆಯನ್ನು ಆತ ಅಮೆರಿಕದ ನೌಕಾಪಡೆಯ ಅಧಿಕಾರಿ ಫಿಲಿಪ್ ವ್ಯಾನ್ ಹಾರ್ನ್ ವೀಮ್ಸ್ ಅವರಿಂದ ಕಲಿತದ್ದು ಆಮೇಲೆ, 1928ರಲ್ಲಿ. ಆ ಅನುಭವದಿಂದ ವಾಚಿನ ಚಿತ್ರ ಬರೆದು ಲಾಂಜಿನ್‌ಗೆ ಕೊಟ್ಟ. ವಾಚು ಹೊರಬಂದದ್ದು 1931ರಲ್ಲಿ. ಅಂದಮೇಲೆ ಅಟ್ಲಾಂಟಿಕ್ ದಾಟುವಾಗ ಆತನ ಕೈಯಲ್ಲಿ ಈ ವಾಚು ಇರಲು ಸಾಧ್ಯವೇ ಇಲ್ಲ. ಮಾರುವವನ ಮೊದಲ ವಾಕ್ಯವೇ ಸುಳ್ಳು.

ಆ ವಾಚಿನ ಕೆಲಸ ಏನು ಅನ್ನುವುದನ್ನೂ ಹೇಳಿಬಿಡುತ್ತೇನೆ, ನಕಲಿ ಸಿಕ್ಕಿಬಿದ್ದದ್ದು ಅಲ್ಲಿಯೇ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ಸುತ್ತುತ್ತದೆ, ಗಂಟೆಗೆ 15 ಡಿಗ್ರಿ. ಕೆಳಗೆ ಬರೀ ಸಮುದ್ರ, ಒಂದು ಗುರುತೂ ಇಲ್ಲ ಅನ್ನುವ ಕಡೆ ಹಾರುವವನು ಸೆಕ್ಸ್‌ಟೆಂಟ್ ಎಂಬ ಕೋನ ಅಳೆಯುವ ಸಾಧನದಲ್ಲಿ ಸೂರ್ಯನ ಎತ್ತರ ಅಳೆದು, ಗ್ರೀನಿಚ್ ಸಮಯ ನೋಡಿ ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕಬೇಕಿತ್ತು. ಸಮಯದಲ್ಲಿ ನಾಲ್ಕು ಸೆಕೆಂಡ್ ತಪ್ಪಿದರೆ ಭೂಮಧ್ಯರೇಖೆಯ ಬಳಿ ಒಂದು ನಾಟಿಕಲ್ ಮೈಲು, ಅಂದರೆ 1.85 ಕಿಲೋಮೀಟರಿನಷ್ಟು ಜಾಗ ತಪ್ಪುತ್ತದೆ. ಹಾಗಾಗಿ ಗಂಟೆ, ನಿಮಿಷ, ಸೆಕೆಂಡುಗಳ ಜೊತೆಗೇ ಡಿಗ್ರಿಯನ್ನೂ ಓದಿಕೊಳ್ಳುವಂತೆ ಡಯಲಿನ ಮೇಲೆ ಅಂಕಿಗಳನ್ನು ಬರೆದಿದ್ದಾರೆ. ಸೆಕೆಂಡ್ ಮುಳ್ಳನ್ನು ರೇಡಿಯೋ ಸಮಯಕ್ಕೆ ಹೊಂದಿಸಲು ವೀಮ್ಸ್ ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು: ಮುಳ್ಳನ್ನು ಮುಟ್ಟುವುದೇ ಬೇಡ, ಅದರ ಕೆಳಗಿನ ನಡು ತಟ್ಟೆಯನ್ನೇ ತಿರುಗಿಸಿಬಿಡಿ. ಇನ್ನು ಹೊರಗಿನ ಬಳೆ ತಿರುಗುವುದು ಸೂರ್ಯನ ಲೆಕ್ಕ ಸರಿ ಮಾಡಲು. ಸೂರ್ಯ ವರ್ಷದಲ್ಲಿ ಕೆಲವು ತಿಂಗಳು ಗಡಿಯಾರಕ್ಕಿಂತ ಮುಂದೆ, ಕೆಲವು ತಿಂಗಳು ಹಿಂದೆ. ಆ ವ್ಯತ್ಯಾಸ ಹೆಚ್ಚೆಂದರೆ ಹದಿನಾರು ನಿಮಿಷದವರೆಗೂ ಹೋಗುತ್ತದೆ. ಇವತ್ತು ಕಂಪನಿ ಮಾರುವ ವಾಚಿನಲ್ಲೂ ಬಳೆ ತಿರುಗುತ್ತದೆ, ನಡು ತಟ್ಟೆಯೂ ತಿರುಗುತ್ತದೆ. ಅಗಲ 47.5 ಮಿಲಿಮೀಟರ್, ದಪ್ಪ ಜಾಕೆಟ್ಟಿನ ತೋಳಿನ ಮೇಲೆ ಕಟ್ಟಲೆಂದೇ ಅಷ್ಟು ದೊಡ್ಡದು ಮಾಡಿದ್ದರು.

ಮಾರಾಟಗಾರ ಜಯನಗರದ ಒಂದು ಹೋಟೆಲಿಗೆ ಬರಹೇಳಿದ. ಪೆಟ್ಟಿಗೆ, ವಾರಂಟಿ ಕಾರ್ಡು, ದುಬೈ ಅಂಗಡಿಯದೆಂದು ಹೇಳಿದ ಸೀಲು ಎಲ್ಲ ಇತ್ತು. ಕಾರ್ಡಿನ ನಂಬರೂ ವಾಚಿನ ಹಿಂಭಾಗದ ನಂಬರೂ ಒಂದೇ. ಭಾವನಿಗೆ ಧೈರ್ಯ ಬಂದದ್ದು ಅಲ್ಲಿ. ಆದರೆ ವಾಚನ್ನೇ ನಕಲು ಮಾಡುವವನಿಗೆ ಒಂದು ನಂಬರನ್ನು ಎರಡು ಕಡೆ ಹಾಕುವುದು ಯಾವ ಮಹಾ ಕೆಲಸ? ಬಿಲ್ ಮಾತ್ರ ಇರಲಿಲ್ಲ. “ಕಸ್ಟಮ್ಸ್ ಕಟ್ಟಿಲ್ಲ ಸಾರ್, ಅದಕ್ಕೇ ಈ ರೇಟು” ಅಂದ.

ಭಾವ ನಡು ತಟ್ಟೆ ತಿರುಗಿಸಿ ತೋರಿಸಲು ಕೇಳಿಯೂ ಇದ್ದರು. ಅದಕ್ಕೆ ಅವನ ಹತ್ತಿರ ಉತ್ತರ ಸಿದ್ಧವಾಗಿತ್ತು: “ಬಹಳ ದಿನದಿಂದ ಸರ್ವಿಸ್ ಆಗಿಲ್ಲ, ಬಿಗಿಯಾಗಿದೆ. ಬಲವಂತ ಮಾಡಿದ್ರೆ ಒಳಗೆ ಮುರಿಯುತ್ತೆ ಸಾರ್. ಒಂದು ಸರ್ವಿಸ್ ಮಾಡಿಸಿಬಿಡಿ.” ಅಂದವನು ಬಳೆಯನ್ನು ತಾನೇ ತಿರುಗಿಸಿ ತೋರಿಸಿದ. ಹಿಂಬದಿಯ ಮುಚ್ಚಳ ತೆರೆದು ಗಾಜಿನೊಳಗೆ ಓಡುವ ಮಷೀನನ್ನೂ ತೋರಿಸಿದ. ವಯಸ್ಸಾದವರೊಬ್ಬರು ದುಬಾರಿ ವಸ್ತುವನ್ನು ಕೈಯಾರೆ ಮುರಿಯಲು ಹೆದರುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ಮಾತು ನೆನೆದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ಸರ್ವಿಸ್‌ಗೆಂದೇ ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಕೂರುವ ಹಳೆಯ ವಾಚ್ ರಿಪೇರಿಯವರ ಬಳಿ ಹೋದೆವು. ಅವರು ಕಣ್ಣಿಗೆ ಐ ಗ್ಲಾಸ್ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ನೋಡಿ, ಏನೂ ಬಿಚ್ಚದೆ ವಾಚನ್ನು ನನ್ನ ಕೈಗೆ ಕೊಟ್ಟರು. “ಇದು ತಿರುಗೋ ಮಾತೇ ಇಲ್ಲ. ಎರಡು ತಟ್ಟೆ ಎಲ್ಲಿದೆ ಇದರಲ್ಲಿ? ಒಂದೇ ಡಯಲ್ಲು. ಈ ಕರಿ ಗೆರೆ ಇದೆಯಲ್ಲ, ಅದು ಪ್ರಿಂಟು.” ನಾನೂ ಐ ಗ್ಲಾಸ್ ಹಾಕಿ ನೋಡಿದೆ. ಅಸಲಿಯಲ್ಲಿ ನಡು ತಟ್ಟೆಗೂ ಸುತ್ತಲಿನ ಡಯಲಿಗೂ ನಡುವೆ ಕೂದಲೆಳೆಯಷ್ಟು ಸಂದಿ ಇರಲೇಬೇಕು, ಇಲ್ಲದಿದ್ದರೆ ತಟ್ಟೆ ಸುತ್ತುವುದಾದರೂ ಹೇಗೆ? ಇಲ್ಲಿ ಆ ಸಂದಿಯ ಜಾಗದಲ್ಲಿ ಒಂದು ಕಪ್ಪು ವೃತ್ತ ಮುದ್ರಿಸಿದ್ದರು. ಒಂದು ಕಡೆ ಶಾಯಿ ಸ್ವಲ್ಪ ಹರಡಿ, ಪಕ್ಕದ ಅಂಕಿಯ ಬುಡಕ್ಕೆ ತಾಗಿತ್ತು. ಆಮೇಲೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲೂ ಇದು ತಮ್ಮದಲ್ಲ ಎಂದರು.

ಅದಕ್ಕೇ ಕೇಳಿಕೊಳ್ಳುತ್ತೇನೆ, ವಿಮಾನಯಾನದ ವಾಚು ಅಂದರೆ ಬರೀ ನೋಡಿ ಒಪ್ಪಬೇಡಿ, ಅದರ ಕೆಲಸ ಮಾಡಿಸಿ ನೋಡಿ. ನಿಮ್ಮ ಕೈಯಿಂದಲೇ ತಿರುಗಿಸಿ. “ಬಿಗಿಯಾಗಿದೆ” ಅಂದರೆ ಎದ್ದು ಬನ್ನಿ. ನಿಜವಾಗಿ ಅಸಲಿ ವಾಚು ಇಟ್ಟುಕೊಂಡವನು ನಿಮ್ಮ ಜೊತೆ ಸರ್ವಿಸ್ ಸೆಂಟರಿಗೆ ಬರಲು ಹಿಂಜರಿಯುವುದಿಲ್ಲ. ದುಡ್ಡಿನ ವಹಿವಾಟು ಅಲ್ಲೇ, ಅವರು ನೋಡಿ ಹೇಳಿದ ಮೇಲೆ.

ಇದೇ ಕಥೆಗಾರಿಕೆ ಬೇರೆ ವಾಚುಗಳಿಗೂ ಅಂಟಿಕೊಂಡಿದೆ. ಬ್ರೆಜಿಲಿನ ಸಾಂಟೋಸ್-ಡುಮೊಂಟ್ ತನ್ನ ವಾಯುನೌಕೆಯಲ್ಲಿ ಐಫೆಲ್ ಗೋಪುರ ಸುತ್ತಿ ಬಹುಮಾನ ಗೆದ್ದದ್ದು 1901ರಲ್ಲಿ. ಲೂಯಿ ಕಾರ್ಟಿಯೇ ಅವನಿಗೆ ಕೈಗಡಿಯಾರ ಮಾಡಿಕೊಟ್ಟದ್ದು 1904ರಲ್ಲಿ. ಅಂಗಡಿಯಲ್ಲಿ ಸಾರ್ವಜನಿಕರಿಗೆ ಸಿಕ್ಕಿದ್ದು 1911ರಲ್ಲಿ. ಹಾಗಿರುವಾಗ “1904ರ ಒರಿಜಿನಲ್ ಸಾಂಟೋಸ್” ಯಾರ ಪೆಟ್ಟಿಗೆಯಿಂದ ಬರಬೇಕು? 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದ ಲೂಯಿ ಬ್ಲೇರಿಯೋನ ಕೈಯಲ್ಲಿ ಜೆನಿತ್ ವಾಚು ಇದ್ದದ್ದು ನಿಜ. ಆದರೆ ಇಂದು ಆ ನೆನಪಿನಲ್ಲಿ ಮಾರುವುದು ಈ ಶತಮಾನದ ವಾಚುಗಳನ್ನು. ನಮ್ಮ ಎಚ್‌ಎಂಟಿ ಪೈಲಟ್ ಐಷಾರಾಮಿ ವಾಚಲ್ಲ, ಆದರೂ ಬೇಡಿಕೆ ಏರಿದ ಮೇಲೆ ಅದಕ್ಕೂ ಇದೇ ಗತಿ: ಹಳೆಯ ಮಷೀನಿಗೆ ಹೊಸದಾಗಿ ಅಚ್ಚು ಹಾಕಿದ ಬಣ್ಣಬಣ್ಣದ ಡಯಲ್ ಕೂರಿಸಿ “ಅಪರೂಪದ್ದು” ಎಂದು ಮಾರುತ್ತಾರೆ.

ಬೆಲೆಯ ಮೇಲೂ ಕಣ್ಣಿಡಿ. ಆದಾಯ ತೆರಿಗೆ ಕಾನೂನಿನಂತೆ 2017ರ ಏಪ್ರಿಲ್‌ನಿಂದ ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. 1,90,000ಕ್ಕೆ ನಿಲ್ಲಿಸಿದ್ದು ಭಾವನ ಮೇಲಿನ ಪ್ರೀತಿಯಿಂದಲ್ಲ. ಟೋಕನ್ ಎಂದು ಯುಪಿಐನಲ್ಲಿ ಕಳಿಸಿದ 10,000 ಬಿಟ್ಟರೆ ಉಳಿದದ್ದೆಲ್ಲ ನಗದು. ಈಗ ನಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಎಂದರೆ ಆ ಹತ್ತು ಸಾವಿರದ ದಾಖಲೆ ಮತ್ತು ವಾಟ್ಸಾಪ್ ಮಾತುಕತೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದೇವೆ, ಠಾಣೆಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್, ಅಂದರೆ ವಂಚನೆಯ ದೂರು ಕೊಟ್ಟಿದ್ದೇವೆ. ಮಾರಾಟಗಾರನ ಫೋನು ಸ್ವಿಚ್ ಆಫ್.

ಕಳೆದ ವಾರ ಅದೇ ಫೋಟೋಗಳು ಬೇರೆ ಹೆಸರಿನ ಖಾತೆಯಲ್ಲಿ ಮತ್ತೆ ಬಂದಿವೆ. ಕಂದು ಬಣ್ಣದ ಬೆಲ್ಟು, ಬಳೆಯ ಮೇಲೆ ಎಂಟು ಗಂಟೆಯ ನೇರಕ್ಕೆ ಒಂದು ಸಣ್ಣ ಓರೆ ಗೀರು, ಹಿನ್ನೆಲೆಯಲ್ಲಿ ಹಸಿರು ಟೇಬಲ್ ಬಟ್ಟೆ. ಆ ಗೀರು ಇರುವ ವಾಚು ನಮ್ಮ ಭಾವನ ಹತ್ತಿರವೇ ಇದೆ, ಹಾಗಾಗಿ ಅದೇ ಚಿತ್ರ ತೋರಿಸಿ ಇನ್ನೊಂದನ್ನು ಮಾರುತ್ತಿದ್ದಾರೆ. ಇವರ ಜೊತೆ ಈಗಾಗಲೇ ಮಾತಾಡಿದ್ದರೆ ಟೋಕನ್ ಹಣವನ್ನೂ ಕಳಿಸಬೇಡಿ. ಕಳಿಸಿ ಆಗಿದ್ದರೆ ಚಾಟ್ ಅಳಿಸದೆ ಇವತ್ತೇ 1930ಕ್ಕೆ ಕರೆ ಮಾಡಿ. ಬೇರೆಯವರ ದೂರೂ ಸೇರಿದರೆ ನಮ್ಮ ಕೇಸಿಗೂ ಬಲ ಬರುತ್ತದೆ.